ನೀರು ಒಳಬಾರದ ಬೂಟು, ನೀರು ನಿಲ್ಲದ ಶೂ: ಜಲಪಾತದ ಕಾಡುದಾರಿಯಲ್ಲಿ ಒಂದು ವರ್ಷದ ಪರೀಕ್ಷೆ

ಮೊದಲ ಹಳ್ಳವನ್ನು ದಾಟುವಾಗ ಬೂಟಿನೊಳಗೆ ಒಂದು ಹನಿ ನೀರೂ ಬರಲಿಲ್ಲ. ಎರಡನೆಯ ಹಳ್ಳದಲ್ಲಿ ನೀರು ಕಣಕಾಲಿನಿಂದ ನಾಲ್ಕು ಬೆರಳಿನಷ್ಟು ಮೇಲಕ್ಕೆ ಬಂದು ಬೂಟಿನ ಬಾಯಿಯಿಂದ ಒಳಗಿಳಿಯಿತು. ಅಲ್ಲಿಂದ ಜಲಪಾತವನ್ನು ತಲುಪಿ, ಅದೇ ದಾರಿಯಲ್ಲಿ ಹಿಂದಿರುಗುವ ತನಕ, ಅಂದರೆ ಸುಮಾರು ಐದು ಗಂಟೆಗಳ ಕಾಲ, ಆ ನೀರು ಒಳಗೇ ಉಳಿಯಿತು. ಹೊರಗಿನ ನೀರನ್ನು ಒಳಗೆ ಬಿಡದಂತೆ ಮಾಡಿದ ಪೊರೆಯೇ ಒಳಗಿನ ನೀರನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಂಡಿತ್ತು. ಎರಡು ಬಾರಿ ಬಂಡೆಯ ಮೇಲೆ ಕುಳಿತು ಬೂಟನ್ನು ಕಳಚಿ ತಲೆಕೆಳಗು ಮಾಡಿದೆ. ಸುರಿದು ಹೋದದ್ದು ಹೋಯಿತು, ಒಳಪದರ ಹೀರಿಕೊಂಡದ್ದು ಹೋಗಲಿಲ್ಲ. ಆ ದಿನದಿಂದಲೇ ಈ ವಿಮರ್ಶೆಗೆ ಬೇಕಾದ ಟಿಪ್ಪಣಿಗಳನ್ನು ಬರೆದುಕೊಳ್ಳಲು ಆರಂಭಿಸಿದೆ.

ನಾನು ಹೋಲಿಸುತ್ತಿರುವುದು ಎರಡು ಜೊತೆಗಳನ್ನು. ಒಂದು, ಕಣಕಾಲನ್ನು ಮುಚ್ಚುವಷ್ಟು ಎತ್ತರದ, ಚರ್ಮ ಮತ್ತು ದಪ್ಪ ಬಟ್ಟೆಯನ್ನು ಸೇರಿಸಿ ಹೊಲಿದ, ಒಳಗೆ ಜಲನಿರೋಧಕ ಪೊರೆಯಿರುವ ಚಾರಣದ ಬೂಟು. ಒಂದು ಕಾಲಿನ ಬೂಟು ಅಡುಗೆಮನೆಯ ತಕ್ಕಡಿಯಲ್ಲಿ 590 ಗ್ರಾಂ ತೂಗಿತು. ಇನ್ನೊಂದು, ಕಣಕಾಲಿಗಿಂತ ಕೆಳಗೇ ನಿಲ್ಲುವ, ಜಾಲರಿಬಟ್ಟೆಯ, ಪೊರೆಯೇ ಇಲ್ಲದ, ಪಕ್ಕದಲ್ಲಿ ನೀರು ಹರಿದುಹೋಗಲು ಸಣ್ಣ ರಂಧ್ರಗಳಿರುವ ಹಗುರವಾದ ಶೂ. ಅದರ ತೂಕ ಕಾಲಿಗೆ 340 ಗ್ರಾಂ. ತಯಾರಕರ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಮಾದರಿಗಳ ಹೆಸರುಗಳು ಮೇಲಿಂದ ಮೇಲೆ ಬದಲಾಗುತ್ತವೆ, ಆದರೆ ಈ ಎರಡು ಬಗೆಗಳು ಹೆಚ್ಚುಕಡಿಮೆ ಎಲ್ಲ ತಯಾರಕರಲ್ಲೂ ಇದೇ ರೂಪದಲ್ಲಿ ಸಿಗುತ್ತವೆ. ಕೊಳ್ಳುವವರು ನಿರ್ಧರಿಸಬೇಕಾದದ್ದು ಬಗೆಯನ್ನು, ಹೆಸರನ್ನಲ್ಲ. ಒಂದು ವರ್ಷದಲ್ಲಿ ಹನ್ನೊಂದು ಚಾರಣಗಳನ್ನು ಈ ಎರಡನ್ನೂ ಬದಲಿಸುತ್ತ ಮಾಡಿದ್ದೇನೆ. ಎಲ್ಲವೂ ಕಾಡಿನ ನಡುವೆ ಬೆಟ್ಟ ಹತ್ತಿ, ಹಳ್ಳದ ದಂಡೆ ಹಿಡಿದು, ಜಲಪಾತದ ಬುಡದಲ್ಲಿ ಮುಗಿಯುವ ದಾರಿಗಳು. ಒಂದೇ ದಾರಿಯನ್ನು ವಾರದ ಅಂತರದಲ್ಲಿ ಒಮ್ಮೆ ಬೂಟಿನಲ್ಲಿ, ಒಮ್ಮೆ ಶೂನಲ್ಲಿ ನಡೆದದ್ದೂ ಎರಡು ಬಾರಿ ಇದೆ.

ಜಲಪಾತದ ದಾರಿಯನ್ನು ಉಳಿದ ಬೆಟ್ಟದ ದಾರಿಗಳಿಂದ ಬೇರೆಯಾಗಿ ನೋಡಬೇಕು ಎಂಬುದು ನನ್ನ ಮೊದಲ ಮಾತು. ಶಿಖರಕ್ಕೆ ಹೋಗುವ ದಾರಿ ಸಾಮಾನ್ಯವಾಗಿ ಬೆಟ್ಟದ ಏಣನ್ನು ಹಿಡಿಯುತ್ತದೆ. ಅಲ್ಲಿ ಗಾಳಿಯಿದೆ, ಬಿಸಿಲಿದೆ, ಮಳೆ ನಿಂತ ಸ್ವಲ್ಪ ಹೊತ್ತಿಗೆ ನೆಲ ಆರುತ್ತದೆ. ಜಲಪಾತದ ದಾರಿ ಕಣಿವೆಯನ್ನು ಹಿಡಿಯುತ್ತದೆ. ನೀರು ಹರಿಯುವಲ್ಲಿಗೇ ಹೋಗುವ ದಾರಿಯಾದ್ದರಿಂದ ಹಳ್ಳವನ್ನು ಒಮ್ಮೆಯಾದರೂ, ಎಷ್ಟೋ ಕಡೆ ನಾಲ್ಕೈದು ಸಲ, ದಾಟಲೇಬೇಕಾಗುತ್ತದೆ. ಮರಗಳ ನೆರಳು ದಟ್ಟವಾಗಿರುವುದರಿಂದ ತರಗೆಲೆಗಳ ಅಡಿಯ ಮಣ್ಣು ಬೇಸಿಗೆಯಲ್ಲೂ ಹಸಿಯಾಗಿರುತ್ತದೆ. ಕೊನೆಯ ಕೆಲವು ನೂರು ಮೀಟರುಗಳಲ್ಲಿ ಜಲಪಾತದ ತುಂತುರು ಹಗಲೂ ರಾತ್ರಿ ಬಂಡೆಗಳನ್ನು ತೋಯಿಸುತ್ತಲೇ ಇರುವುದರಿಂದ ಅಲ್ಲಿ ಒಣಬಂಡೆ ಎಂಬುದೇ ಇಲ್ಲ. ಇಂಥ ದಾರಿಯಲ್ಲಿ ಪಾದ ಒದ್ದೆಯಾಗುತ್ತದೆಯೋ ಇಲ್ಲವೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಒದ್ದೆಯಾದ ಮೇಲೆ ಏನಾಗುತ್ತದೆ ಎಂಬುದನ್ನು ಕೇಳಿಕೊಂಡು ಶೂ ಕೊಳ್ಳಬೇಕು.

ಪೊರೆಯ ವಿಷಯಕ್ಕೆ ಬರುತ್ತೇನೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಅವರು, ನಾವು ಟೆಫ್ಲಾನ್ ಎಂದು ಕರೆಯುವ ವಸ್ತುವಿನ ಕಾಯಿಸಿದ ಕಡ್ಡಿಯನ್ನು ಒಮ್ಮೆಲೇ ಜೋರಾಗಿ ಎಳೆದಾಗ ಅದು ತುಂಡಾಗದೆ ಹಿಗ್ಗಿ, ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿರುವ ಪೊರೆಯಾಗುವುದನ್ನು ಕಂಡುಕೊಂಡರು. ಆ ರಂಧ್ರ ನೀರಿನ ಹನಿಗಿಂತ ಸಾವಿರಾರು ಪಟ್ಟು ಚಿಕ್ಕದು, ಆದರೆ ಆವಿಯ ಕಣಕ್ಕಿಂತ ನೂರಾರು ಪಟ್ಟು ದೊಡ್ಡದು. ಆದ್ದರಿಂದ ಮಳೆ ಒಳಗೆ ಬರುವುದಿಲ್ಲ, ಬೆವರಿನ ಆವಿ ಹೊರಗೆ ಹೋಗುತ್ತದೆ. ಈಗ ಹಲವು ಕಂಪನಿಗಳು ಬೇರೆ ಬೇರೆ ವಸ್ತುಗಳಿಂದ ಇಂಥ ಪೊರೆಗಳನ್ನು ತಯಾರಿಸುತ್ತವೆ, ನನ್ನ ಬೂಟಿನಲ್ಲಿರುವುದೂ ಅಂಥದ್ದೊಂದು. ತತ್ತ್ವ ನಿಜವಾದದ್ದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗೆ ಬೆಚ್ಚಗೆ ತೇವವಾಗಿ, ಹೊರಗೆ ತಂಪಾಗಿ ಒಣಗಿದ್ದರೆ ಮಾತ್ರ ಆ ವ್ಯತ್ಯಾಸ ಅದನ್ನು ಹೊರಕ್ಕೆ ತಳ್ಳುತ್ತದೆ. ಜಲಪಾತದ ಕಣಿವೆಯಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ ತಳ್ಳುವ ಬಲ ಎಲ್ಲಿಂದ ಬರಬೇಕು? ಇದರ ಜೊತೆಗೆ ಬೂಟಿನ ಹೊರಬಟ್ಟೆಗೆ ನೀರು ಜಾರಿಹೋಗುವಂತೆ ಮಾಡಿದ ಲೇಪನ ಕೆಲವು ಚಾರಣಗಳಲ್ಲೇ ಸವೆದುಹೋಗುತ್ತದೆ. ಆಮೇಲೆ ಹೊರಬಟ್ಟೆ ನೀರು ಕುಡಿದು ಹಸಿಗೋಣಿಯಂತೆ ಪೊರೆಗೆ ಅಂಟಿಕೊಂಡು, ಆವಿಯ ದಾರಿಯನ್ನು ಪೂರಾ ಮುಚ್ಚಿಬಿಡುತ್ತದೆ. ಹಳ್ಳಕ್ಕೆ ಇಳಿಯದೆ, ಮಳೆಯೂ ಬಾರದೆ ನಡೆದ ಒಂದು ದಿನದಲ್ಲೂ ನನ್ನ ಕಾಲುಚೀಲ ಬೆವರಿನಿಂದಲೇ ಹಿಂಡುವಷ್ಟು ತೊಯ್ದಿತ್ತು.

ಒಂದೇ ಹಳ್ಳದಲ್ಲಿ ಮೊಳಕಾಲಿನವರೆಗೆ ಇಳಿದು ದಾಟಿ, ಒಂದು ಗಂಟೆ ನಡೆದ ಮೇಲೆ ಎರಡು ಜೊತೆಗಳ ಎಡಗಾಲಿನದನ್ನು ತೂಗಿ ನೋಡಿದೆ. ಅದಕ್ಕೆಂದೇ ಸಣ್ಣ ಕೊಕ್ಕೆತಕ್ಕಡಿಯೊಂದನ್ನು ಚೀಲದಲ್ಲಿ ಒಯ್ದಿದ್ದೆ. 590 ಗ್ರಾಂ ಇದ್ದ ಬೂಟು 810 ಗ್ರಾಂ ಆಗಿತ್ತು, 340 ಗ್ರಾಂ ಇದ್ದ ಶೂ 415. ಬೂಟಿನಿಂದ ಹೆಜ್ಜೆಹೆಜ್ಜೆಗೂ ಪಚಪಚ ಸದ್ದು ಬರುತ್ತಿತ್ತು. ಶೂನಲ್ಲಿ ದಾಟಿದ ಹತ್ತು ಹೆಜ್ಜೆಗಳಲ್ಲೇ ರಂಧ್ರಗಳಿಂದ ನೀರು ಚಿಮ್ಮಿ ಹೋಗಿ, ಆಮೇಲೆ ಉಳಿದದ್ದು ತೇವ ಮಾತ್ರ. ಮನೆಯಲ್ಲಿ ಫ್ಯಾನಿನ ಕೆಳಗಿಟ್ಟಾಗ ಶೂ ಮರುದಿನ ಬೆಳಿಗ್ಗೆಯ ಹೊತ್ತಿಗೆ ಆರಿತ್ತು. ಬೂಟಿಗೆ ಹಳೆಯ ಪತ್ರಿಕೆಗಳನ್ನು ತುರುಕಿ, ಅವು ಹಸಿಯಾದಂತೆಲ್ಲ ಬದಲಿಸಿದರೂ ಪೂರ್ತಿ ಆರಲು ಮೂರು ದಿನ ಹಿಡಿಯಿತು. ಎರಡು ದಿನಗಳ ಚಾರಣದಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೇಗ ಆರಲಿ ಎಂದು ಯಾವ ಜೊತೆಯನ್ನೂ ಬೆಂಕಿಯ ಹತ್ತಿರ ಇಡಬಾರದು. ಅಟ್ಟೆಯನ್ನು ಹಿಡಿದಿರುವ ಅಂಟು ಬಿಸಿಗೆ ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ, ಚರ್ಮ ಸೆಟೆದು ಬಿರಿಯುತ್ತದೆ.

ಕಾಲಿನಲ್ಲಿರುವ ತೂಕ ಬೆನ್ನಿನ ಮೇಲಿನ ತೂಕದಂತಲ್ಲ ಎಂಬುದು ಅನುಭವಸ್ಥರೆಲ್ಲ ಹೇಳುವ ಮಾತು. ಅದಕ್ಕೆ ಅಳತೆಯೂ ಇದೆ. ಅಮೆರಿಕದ ಸೇನೆಯ ಸಂಶೋಧಕರಾದ ಸೋಲ್ ಮತ್ತು ಗೋಲ್ಡ್‌ಮನ್ 1969ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಾದಕ್ಕೆ ಕಟ್ಟಿದ ಭಾರವನ್ನು ಹೊತ್ತು ನಡೆಯಲು ಅಷ್ಟೇ ಭಾರವನ್ನು ಮೈಮೇಲೆ ಹೊತ್ತಾಗ ಬೇಕಾಗುವುದಕ್ಕಿಂತ ನಾಲ್ಕರಿಂದ ಆರು ಪಟ್ಟಿನಷ್ಟು ಹೆಚ್ಚು ಶಕ್ತಿ ಖರ್ಚಾಗುತ್ತದೆ. ಒಣಗಿದ್ದಾಗಲೇ ನನ್ನ ಎರಡು ಜೊತೆಗಳ ನಡುವಣ ವ್ಯತ್ಯಾಸ ಅರ್ಧ ಕಿಲೋ. ಅಂದರೆ ಬೂಟು ತೊಟ್ಟವರು ಬೆನ್ನಚೀಲದಲ್ಲಿ ಎರಡು ಮೂರು ಕಿಲೋ ಹೆಚ್ಚು ಹೊತ್ತಂತೆ, ಒದ್ದೆಯಾದ ಮೇಲೆ ಅದು ಇನ್ನೂ ಏರುತ್ತದೆ. ಏರುದಾರಿಯ ಕೊನೆಯಲ್ಲಿ ಮರದ ಬೇರನ್ನು ದಾಟಲು ಕಾಲೆತ್ತುವಾಗ ತುದಿ ತಾಗಿ ಮುಗ್ಗರಿಸುವುದು ಬೂಟಿನಲ್ಲಿ ಎಷ್ಟೋ ಸಲ ಆಯಿತು. ಅದು ದಣಿವಿನ ಲಕ್ಷಣ, ದಣಿವಿಗೆ ಕಾರಣ ಆ ಭಾರ.

ಇಷ್ಟಾದರೂ ಇವೆಲ್ಲ ಸೌಕರ್ಯದ ಮಾತುಗಳು. ಜಲಪಾತದ ದಾರಿಯಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಭಾಗವೆಂದರೆ ಅಟ್ಟೆ, ಶೂನ ಉಳಿದೆಲ್ಲ ಗುಣಗಳೂ ಅದರ ನಂತರ ಬರುತ್ತವೆ. ಇವತ್ತಿನ ಚಾರಣದ ಅಟ್ಟೆಯ ಹಿಂದೆ ಒಂದು ದುರಂತವಿದೆ. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಇಟಲಿಯ ಪರ್ವತಾರೋಹಿ ವಿತಾಲೆ ಬ್ರಮಾನಿ ಅವರ ಆರು ಮಂದಿ ಸಂಗಾತಿಗಳು ಹವಾಮಾನ ಕೆಟ್ಟು ಸಾವಿಗೀಡಾದರು. ಅವರ ಪಾದರಕ್ಷೆ ಅಂಥ ಸ್ಥಿತಿಗೆ ತಕ್ಕುದಾಗಿರಲಿಲ್ಲ ಎಂಬುದು ಬ್ರಮಾನಿಯವರ ಮನಸ್ಸಿನಲ್ಲಿ ಉಳಿಯಿತು. ಮೊಳೆ ಹೊಡೆದ ಚರ್ಮದ ಅಟ್ಟೆಯ ಬದಲು ಆಳವಾದ ಹಲ್ಲುಗಳಿರುವ ರಬ್ಬರಿನ ಅಟ್ಟೆಯನ್ನು ಅವರು 1937ರಲ್ಲಿ ರೂಪಿಸಿದರು. ತಮ್ಮ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇಟ್ಟ ವಿಬ್ರಮ್ ಎಂಬ ಹೆಸರು ಇಂದಿಗೂ ಉಳಿದಿದೆ. ಆ ಹಲ್ಲುಗಳ ವಿನ್ಯಾಸಕ್ಕೆ ಯುದ್ಧಟ್ಯಾಂಕಿನ ಪಟ್ಟಿಯನ್ನು ಸೂಚಿಸುವ ಹೆಸರನ್ನೇ ಕೊಟ್ಟಿದ್ದರು.

ಆದರೆ ಹಲ್ಲುಗಳು ಹಿಡಿಯುವುದು ಮಣ್ಣನ್ನು, ಹುಲ್ಲನ್ನು, ಜಲ್ಲಿಯನ್ನು. ಅವು ಒಳಗೆ ನಾಟಿಕೊಂಡು ಕೆಲಸ ಮಾಡುತ್ತವೆ. ನುಣುಪಾದ ಹಸಿಬಂಡೆಯಲ್ಲಿ ನಾಟಲು ಏನಿದೆ? ಅಲ್ಲಿ ಹಿಡಿತ ಬರುವುದು ರಬ್ಬರು ಬಂಡೆಗೆ ಎಷ್ಟು ಜಾಗದಲ್ಲಿ ತಾಗುತ್ತದೆ ಮತ್ತು ಬಂಡೆಯ ಸಣ್ಣ ಉಬ್ಬುತಗ್ಗುಗಳಿಗೆ ಎಷ್ಟು ಮೆತ್ತಗೆ ಹೊಂದಿಕೊಳ್ಳುತ್ತದೆ ಎಂಬುದರಿಂದ. ಉಗುರಿನಿಂದ ಒತ್ತಿ ನೋಡಿದರೆ ವ್ಯತ್ಯಾಸ ಅಂಗಡಿಯಲ್ಲೇ ತಿಳಿಯುತ್ತದೆ. ನನ್ನ ಬೂಟಿನ ಹಲ್ಲಿಗೆ ಉಗುರು ಊರಿದರೆ ಗುರುತೇ ಮೂಡುವುದಿಲ್ಲ, ಶೂನ ಹಲ್ಲಿಗೆ ಊರಿದರೆ ಕ್ಷಣಕಾಲ ಗೆರೆ ಉಳಿದು ಮಾಯವಾಗುತ್ತದೆ. ಗಟ್ಟಿ ರಬ್ಬರು ವರ್ಷಗಟ್ಟಲೆ ಬಾಳುತ್ತದೆ, ಮೆತ್ತನೆಯದು ಬೇಗ ಸವೆಯುತ್ತದೆ. ಬಾಳಿಕೆ ಬೇಕೆಂದು ಕೇಳುವ ಗಿರಾಕಿಗೆ ತಯಾರಕರು ಗಟ್ಟಿಯದನ್ನು ಕೊಡುವುದು ಸಹಜ. ಆದರೆ ಜಲಪಾತದ ದಾರಿಗೆ ಹೋಗುವವರು ಸವೆತವನ್ನು ಒಪ್ಪಿಕೊಂಡು ಹಿಡಿತವನ್ನು ಕೇಳಬೇಕು.

ಇದನ್ನು ನಾನು ಒಂದೇ ಬಂಡೆಯ ಮೇಲೆ ನೋಡಿದ್ದೇನೆ. ಜಲಪಾತದ ಮಡುವಿನ ಪಕ್ಕದಲ್ಲಿ ಹಾಸುಬಂಡೆಯೊಂದು ಮಡುವಿನ ಕಡೆಗೆ ಇಳಿಜಾರಾಗಿ ಮಲಗಿದೆ. ಅದರ ಅರ್ಧಭಾಗ ತಿಳಿಬೂದಿ ಬಣ್ಣ, ಮುಟ್ಟಿದರೆ ಉಪ್ಪುಕಾಗದದಂತೆ ತರಿತರಿ. ಇನ್ನರ್ಧ ಕಪ್ಪು, ಮೇಲೆ ನೀರಿನ ತೆಳುವಾದ ಹಾಳೆಯೊಂದು ಸದಾ ಜಾರುತ್ತಿರುತ್ತದೆ. ಬೂದಿಬಣ್ಣದ ಹಸಿಭಾಗದಲ್ಲಿ ಶೂ ಅಲುಗಾಡದೆ ನಿಂತಿತು. ಒಂದು ಕಾಲಿನ ಮೇಲೆ ಭಾರ ಹಾಕಿ ಮೈ ತಿರುಗಿಸಿದರೂ ಜಾರಲಿಲ್ಲ. ವಾರದ ಹಿಂದೆ ಅದೇ ಜಾಗದಲ್ಲಿ ಬೂಟು ಮೂರನೆಯ ಹೆಜ್ಜೆಗೇ ಜಾರಿತ್ತು. ಅಂಗೈ ಊರಿ ಕುಳಿತದ್ದರಿಂದ ಚರ್ಮ ಸುಲಿದದ್ದನ್ನು ಬಿಟ್ಟು ಬೇರೇನೂ ಆಗಲಿಲ್ಲ. ಕಪ್ಪುಭಾಗದಲ್ಲಿ ಮಾತ್ರ ಎರಡೂ ಒಂದೇ. ಕುಳಿತುಕೊಂಡು ಶೂ ತೊಟ್ಟ ಒಂದು ಕಾಲನ್ನಷ್ಟೇ ಚಾಚಿ ಒತ್ತಿ ನೋಡಿದೆ, ಎಣ್ಣೆ ಸವರಿದ ಗಾಜಿನ ಮೇಲಿಟ್ಟಂತೆ ಹೋಯಿತು. ಅದು ಬಂಡೆಯ ಬಣ್ಣವಲ್ಲ, ಬರಿಗಣ್ಣಿಗೆ ಪಾಚಿಯೆಂದು ತೋರದಷ್ಟು ತೆಳ್ಳಗಿನ ಜೀವಿಗಳ ಲೋಳೆ. ರಬ್ಬರು ಆ ಲೋಳೆಗೆ ತಾಗುತ್ತದೆಯೇ ಹೊರತು ಬಂಡೆಗೆ ತಾಗುವುದೇ ಇಲ್ಲ. ಹಸಿಬಂಡೆಯಲ್ಲೂ ಜಾರುವುದಿಲ್ಲ ಎಂದು ಬರೆದುಕೊಂಡ ಯಾವ ಶೂ ಕೂಡ ಕಪ್ಪುಬಂಡೆಯ ಮೇಲೆ ತನ್ನ ಮಾತನ್ನು ಉಳಿಸಿಕೊಳ್ಳುವುದನ್ನು ನಾನು ಕಂಡಿಲ್ಲ. ತಿಳಿಬಣ್ಣದ, ತರಿಯಾದ ಕಡೆಗೆ ಹೆಜ್ಜೆ ಇಡಿ, ಕಪ್ಪು ಹೊಳೆಯುವ ಕಡೆಗೆ ಬೇಡವೇ ಬೇಡ. ತೊಗಟೆ ಕಳಚಿ ನುಣುಪಾದ ಬೇರುಗಳ ವಿಷಯವೂ ಹೀಗೆಯೇ. ಅವುಗಳನ್ನು ಮೆಟ್ಟದೆ ದಾಟಬೇಕು. ಮೆಟ್ಟಲೇಬೇಕಾದರೆ ಪಾದವನ್ನು ಅಡ್ಡಡ್ಡಲಾಗಿ ಇಟ್ಟು, ಭಾರವನ್ನು ನೇರ ಕೆಳಕ್ಕೆ ಬಿಡಬೇಕು.

ಲೋಳೆಯನ್ನು ಒರೆಸಿ ಹಿಡಿಯಬಲ್ಲದ್ದು ಒಂದಿತ್ತು, ಉಣ್ಣೆಯನ್ನು ಅದುಮಿ ಮಾಡಿದ ಫೆಲ್ಟ್ ಅಟ್ಟೆ. ಹೊಳೆಯಲ್ಲಿ ನಿಂತು ಗಾಳ ಹಾಕುವವರು ಅದನ್ನೇ ಬಳಸುತ್ತಿದ್ದರು. ಆದರೆ ಅದು ಬೇಗ ಆರುವುದಿಲ್ಲ, ಒಂದು ಹೊಳೆಯ ಸೂಕ್ಷ್ಮ ಪಾಚಿಯನ್ನು ಇನ್ನೊಂದು ಹೊಳೆಗೆ ಹೊತ್ತೊಯ್ಯುತ್ತದೆ. ಡಿಡಿಮೊ ಎಂಬ ಪಾಚಿ ಹರಡುವುದನ್ನು ತಡೆಯಲು ನ್ಯೂಜಿಲೆಂಡ್ 2008ರಲ್ಲಿ ಗಾಳಗಾರರ ಫೆಲ್ಟ್ ಅಟ್ಟೆಗಳನ್ನು ನಿಷೇಧಿಸಿತು. ಹಾಗಾಗಿ ಅದನ್ನು ನಾನು ಶಿಫಾರಸು ಮಾಡುವುದಿಲ್ಲ.

ಈಗ ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ, ಆದರೆ ಯಾವ ಪೆಟ್ಟಿಗೆಯ ಮೇಲೂ ಬರೆದಿರದ ವಿಷಯ. ಜಲನಿರೋಧಕ ಬೂಟು ತೊಟ್ಟವರ ನಡಿಗೆಯೇ ಬದಲಾಗುತ್ತದೆ. ಒಳಗೆ ನೀರು ಹೋದರೆ ದಿನವಿಡೀ ಕಷ್ಟ ಎಂಬುದು ಗೊತ್ತಿರುವುದರಿಂದ ಅವರು ಬೂಟನ್ನು ಒಣಗಿಸಿಟ್ಟುಕೊಳ್ಳಲು ಏನು ಬೇಕಾದರೂ ಮಾಡುತ್ತಾರೆ. ನಾನೂ ಹಾಗೆಯೇ ಮಾಡಿದೆ. ಹಳ್ಳದ ನಡುವಣ ಕಲ್ಲುಗಳ ತಲೆಯ ಮೇಲೆ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ದಾಟಿದೆ. ಆ ಕಲ್ಲುಗಳ ತಲೆಯೇ ನೀರು ಏರಿ ಇಳಿಯುವ ಮಟ್ಟದಲ್ಲಿದ್ದು, ಲೋಳೆ ಕಟ್ಟಿಕೊಂಡು, ಕೆಲವು ಅಲುಗಾಡುತ್ತಲೂ ಇರುತ್ತವೆ. ಇಡೀ ದಾರಿಯಲ್ಲಿ ಬೀಳಲು ಅದಕ್ಕಿಂತ ಸುಲಭವಾದ ಜಾಗ ಇನ್ನೊಂದಿಲ್ಲ. ಇನ್ನು ಕೆಲವರು ಬೂಟನ್ನು ಕಳಚಿ, ಲೇಸುಗಳನ್ನು ಗಂಟುಹಾಕಿ ಕೊರಳಿಗೆ ನೇತುಹಾಕಿಕೊಂಡು ಬರಿಗಾಲಿನಲ್ಲಿ ದಾಟುತ್ತಾರೆ. ತಣ್ಣನೆಯ ನೀರಿನಲ್ಲಿ ಪಾದ ಮರಗಟ್ಟಿದಾಗ ಕಲ್ಲಿನ ಸಂದಿ ಬೆರಳಿಗೆ ತಿಳಿಯುವುದಿಲ್ಲ, ಕಂಡರಿಯದ ಚೂಪುಗಲ್ಲು ಅಂಗಾಲನ್ನು ಸೀಳುತ್ತದೆ. ನೀರು ಬೇಗ ಹರಿದುಹೋಗುವ ಶೂ ತೊಟ್ಟಾಗ ಇದಾವುದೂ ಬೇಕಿಲ್ಲ. ನೇರವಾಗಿ ನೀರಿಗಿಳಿದು, ತಳದ ಮರಳಿನ ಮೇಲೋ ಕಲ್ಲುಗಳ ನಡುವಣ ಜಾಗದಲ್ಲೋ ಪಾದವನ್ನು ಸಮವಾಗಿ ಊರಿ, ಪ್ರವಾಹ ಬರುವ ಕಡೆಗೆ ಮುಖಮಾಡಿ, ಕೋಲನ್ನು ಮುಂದೆ ಊರಿಕೊಂಡು, ಒಂದು ಕಾಲು ನೆಲೆಗೊಂಡ ಮೇಲೆ ಇನ್ನೊಂದನ್ನು ಎತ್ತುತ್ತ ನಿಧಾನವಾಗಿ ದಾಟಬಹುದು. ದಾಟುವ ಮೊದಲು ಬೆನ್ನಚೀಲದ ಸೊಂಟಪಟ್ಟಿಯನ್ನು ಬಿಚ್ಚಿರಬೇಕು, ಬಿದ್ದರೆ ಚೀಲ ನಮ್ಮನ್ನು ಅದುಮಿ ಹಿಡಿಯಬಾರದು. ಒದ್ದೆಯಾಗುವ ಹಿಂಜರಿಕೆಯನ್ನು ತೆಗೆದುಹಾಕಿದ್ದೇ ಆ ಹಗುರ ಶೂ ನನಗೆ ಮಾಡಿದ ದೊಡ್ಡ ಉಪಕಾರ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಹಿಂಜರಿಕೆ ಹೋದದ್ದು ಒದ್ದೆಯಾಗುವುದಕ್ಕೆ, ಪ್ರವಾಹಕ್ಕಲ್ಲ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ನಾವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಕಾಡಿನಲ್ಲಿ ಮಳೆ ಸುರಿದಿರಬಹುದು. ತಿಳಿಯಾಗಿದ್ದ ನೀರು ಕೆಂಪಗೆ ಕದಡಿದರೆ, ಎಲೆಕಡ್ಡಿಗಳು ತೇಲಿಬರತೊಡಗಿದರೆ, ಜಲಪಾತದ ಸದ್ದು ಇದ್ದಕ್ಕಿದ್ದಂತೆ ದಪ್ಪವಾದರೆ, ಆ ಕ್ಷಣವೇ ಮಡುವನ್ನು ಬಿಟ್ಟು ಎತ್ತರಕ್ಕೆ ಹತ್ತಬೇಕು. ಹಳ್ಳ ಇಳಿಯುವ ತನಕ ಇತ್ತಲಿನ ದಂಡೆಯಲ್ಲೇ ಕಾಯಬೇಕು.

ಬೂಟು ಗೆದ್ದ ಜಾಗಗಳನ್ನೂ ನ್ಯಾಯವಾಗಿ ಹೇಳುತ್ತೇನೆ. ಕೆಸರಿನ ಇಳಿಜಾರಿನಲ್ಲಿ ಅದರ ಐದು ಮಿಲಿಮೀಟರ್ ಆಳದ ಹಲ್ಲುಗಳು ಮತ್ತು ಹಿಮ್ಮಡಿಯ ಮುಂದಿನ ಮೆಟ್ಟಿಲಿನಂಥ ಅಂಚು ಚೆನ್ನಾಗಿ ಕಚ್ಚಿ ನಿಲ್ಲುತ್ತವೆ. ಶೂನ ಸಣ್ಣ ಹಲ್ಲುಗಳ ನಡುವೆ ಜಿಗುಟುಮಣ್ಣು ತುಂಬಿ, ಅಟ್ಟೆ ಸಪಾಟಾಗಿ ಎರಡು ಬಾರಿ ಕುಳಿತೇ ಇಳಿಯಬೇಕಾಯಿತು. ನೀರಿನೊಳಗೆ ಕಾಣದ ಕಲ್ಲಿಗೆ ಬೆರಳು ಬಡಿದಾಗ ಬೂಟಿನ ಮೂತಿಯ ಗಟ್ಟಿ ರಬ್ಬರು ಪೆಟ್ಟನ್ನು ನುಂಗಿಕೊಂಡಿತು. ಶೂನಲ್ಲಿ ಅದೇ ಪೆಟ್ಟಿಗೆ ಹೆಬ್ಬೆರಳಿನ ಉಗುರು ಕಪ್ಪಾಗಿ, ಎರಡು ತಿಂಗಳಲ್ಲಿ ಉದುರಿಹೋಯಿತು. ಆದ್ದರಿಂದ ಹಗುರ ಶೂ ಕೊಳ್ಳುವವರು ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಸುಲಭವಾಗಿ ತಗ್ಗುವುದಾದರೆ ಅದನ್ನು ಬಿಡಬೇಕು. ಕಣಕಾಲು ಉಳುಕದಂತೆ ಎತ್ತರದ ಬೂಟು ಕಾಯುತ್ತದೆ ಎಂಬ ನಂಬಿಕೆಯ ಬಗ್ಗೆ ನನಗೆ ಅಷ್ಟು ಖಚಿತತೆಯಿಲ್ಲ. ಮೆತ್ತನೆಯ ಬಟ್ಟೆ ಎಷ್ಟು ಎತ್ತರಕ್ಕೆ ಬಂದರೂ ತಿರುಚುವ ಪಾದವನ್ನು ತಡೆಯಲಾರದು. ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ ಬಟ್ಟಲು ಮತ್ತು ಕೈಯಲ್ಲಿ ಹಿಂಡಿದರೆ ಬಟ್ಟೆಯಂತೆ ತಿರುಚಿಕೊಳ್ಳದ ಅಟ್ಟೆ ನನಗೆ ಹೆಚ್ಚು ನೆರವಾದವು, ಅವೆರಡೂ ತಗ್ಗಿನ ಶೂನಲ್ಲೂ ಇರಬಹುದು.

ಅಳತೆಯ ವಿಷಯದಲ್ಲಿ ಎರಡಕ್ಕೂ ಒಂದೇ ನಿಯಮ. ನಡೆದು ನಡೆದು ಪಾದ ಊದಿಕೊಳ್ಳುವುದರಿಂದ ಸಂಜೆಯ ಹೊತ್ತಿಗೆ, ಚಾರಣಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ತೊಟ್ಟು ನೋಡಬೇಕು. ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಗಲದ ಜಾಗ ಉಳಿಯಬೇಕು. ಜಲಪಾತದ ದಾರಿಯಲ್ಲಿ ಮರಳುವಾಗಲೋ ಹೋಗುವಾಗಲೋ ಕಡಿದಾದ ಇಳಿತ ಇದ್ದೇ ಇರುತ್ತದೆ. ಜಾಗವಿಲ್ಲದಿದ್ದರೆ ಪ್ರತಿ ಹೆಜ್ಜೆಗೂ ಉಗುರು ಮೂತಿಗೆ ಬಡಿಯುತ್ತದೆ. ಇಳಿಯುವ ಮುನ್ನ ಲೇಸನ್ನು ಬಿಚ್ಚಿ, ಮೇಲಿನ ಕೊನೆಯ ಎರಡು ರಂಧ್ರಗಳ ನಡುವೆ ಆಯಾ ಬದಿಯಲ್ಲೇ ಸಣ್ಣ ಕುಣಿಕೆ ಮಾಡಿ, ಎದುರುಬದಿಯ ಲೇಸನ್ನು ಅದರೊಳಗೆ ತೂರಿಸಿ ಬಿಗಿದು ಕಟ್ಟಿದರೆ ಹಿಮ್ಮಡಿ ಹಿಂದಕ್ಕೆ ಕೂತುಬಿಡುತ್ತದೆ, ಪಾದ ಮುಂದಕ್ಕೆ ಜಾರುವುದಿಲ್ಲ. ಅಂಗಡಿಯಲ್ಲಿ ಯಾರೂ ಹೇಳಿಕೊಡದ ಈ ಒಂದು ಕಟ್ಟು ನನ್ನ ಉಗುರುಗಳನ್ನು ಎಷ್ಟೋ ಸಲ ಉಳಿಸಿದೆ.

ಹಸಿಪಾದದಲ್ಲಿ ನಡೆದರೆ ನೀರುಗುಳ್ಳೆ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರುತ್ತದೆ. ನೀರಿನಲ್ಲಿ ನೆನೆದ ಚರ್ಮ ಮೆತ್ತಗಾಗಿ ಉಜ್ಜಾಟಕ್ಕೆ ಬೇಗ ಸೋಲುತ್ತದೆ, ಅದರ ಮೇಲೆ ಹತ್ತಿಯ ಕಾಲುಚೀಲವಿದ್ದರೆ ಇನ್ನೂ ಬೇಗ. ಹತ್ತಿ ನೀರನ್ನು ಹಿಡಿದಿಟ್ಟುಕೊಂಡು ಮಡಿಕೆ ಬಿದ್ದು ಪಾದಕ್ಕೆ ಅಂಟುತ್ತದೆ. ಮೆರಿನೊ ಕುರಿಯ ಉಣ್ಣೆಯ ತೆಳುವಾದ ಕಾಲುಚೀಲಕ್ಕೆ ಬದಲಾದ ಮೇಲೆ ಶೂನಲ್ಲಿ ನನಗೆ ಗುಳ್ಳೆ ಬಂದದ್ದು ಒಮ್ಮೆ ಮಾತ್ರ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೇ ಹೀರಿಕೊಂಡರೂ ಮುಟ್ಟಲು ಹಸಿಯೆನಿಸುವುದಿಲ್ಲ. ಜಲಪಾತ ತಲುಪಿದ ಕೂಡಲೇ ನಾನು ಮೊದಲು ಮಾಡುವ ಕೆಲಸವೆಂದರೆ ಶೂ ಕಳಚಿ, ಒಳ ಅಟ್ಟೆಯನ್ನು ಹೊರತೆಗೆದು ಬಿಸಿಲಿನ ಕಡೆಗಿಟ್ಟು, ಪಾದವನ್ನು ಒರೆಸಿ ಅರ್ಧ ಗಂಟೆ ಗಾಳಿಗೆ ಬಿಡುವುದು. ಬೂಟಿನಿಂದ ಹೊರತೆಗೆದ ಪಾದ ಬಿಳಿಚಿಕೊಂಡು, ನೀರಿನಲ್ಲಿ ನೆನೆದ ಬಟ್ಟೆಯಂತೆ ನೆರಿಗೆಗಟ್ಟಿ, ಅಂಗಾಲಿನ ಗೆರೆಗಳೆಲ್ಲ ಉಬ್ಬಿ ನಿಂತಿರುತ್ತಿತ್ತು. ಶೂನಿಂದ ತೆಗೆದ ಪಾದಕ್ಕೆ ಅದರ ಅರ್ಧದಷ್ಟೂ ನೆರಿಗೆ ಇರುವುದಿಲ್ಲ. ಹಿಂದಿರುಗಲು ಒಂದು ಒಣ ಜೊತೆ ಕಾಲುಚೀಲವನ್ನು ನೀರು ತಾಗದ ಚೀಲದಲ್ಲಿ ಒಯ್ಯುವುದು ಇನ್ನೂ ದುಬಾರಿ ಶೂ ಕೊಳ್ಳುವುದಕ್ಕಿಂತ ಮೇಲು. ಜಿಗಣೆಗಳಿರುವ ಕಾಡಾದರೆ ಜಾಲರಿಯ ಶೂ ಒಂದೇ ಸಾಲದು, ನೇಯ್ಗೆ ದಟ್ಟವಾಗಿರುವ ಉದ್ದದ ಕಾಲುಚೀಲದೊಳಗೆ ಪ್ಯಾಂಟಿನ ಅಂಚನ್ನು ಸಿಕ್ಕಿಸಿಕೊಳ್ಳಬೇಕು.

ಬಾಳಿಕೆಯಲ್ಲಿ ಬೂಟೇ ಮುಂದು. ವರ್ಷದ ಕೊನೆಯಲ್ಲಿ ಅದರ ಹಲ್ಲುಗಳ ಅಂಚು ಮೊದಲಿನಂತೆಯೇ ಇದೆ. ಶೂನ ಅಟ್ಟೆ ಹೆಬ್ಬೆರಳಿನ ಬುಡದಲ್ಲಿ ಬೋಳಾಗಿದೆ. ಒಂಬತ್ತನೆಯ ತಿಂಗಳಲ್ಲಿ ಮೂತಿಯ ಅಂಟು ಬಿಟ್ಟು ತುದಿ ನಾಲಗೆಯಂತೆ ತೆರೆದುಕೊಂಡಿತು. ಒಗೆದು, ಆರಿಸಿ, ಶೂ ಅಂಟಿಸುವ ಅಂಟಿನಿಂದಲೇ ಅಂಟಿಸಿ, ಒಂದು ದಿನ ಭಾರದ ಕೆಳಗಿಟ್ಟ ಮೇಲೆ ಮೂರು ಚಾರಣಗಳನ್ನು ತಡೆದುಕೊಂಡಿದೆ. ಕಡಿಮೆ ಬಳಸಿದ ಹಳೆಯ ಬೂಟು ಮನೆಯಲ್ಲಿದೆ ಎಂದು ನೆಚ್ಚಿಕೊಳ್ಳುವವರಿಗೂ ಒಂದು ಮಾತು. ಹಲವು ಬೂಟುಗಳಲ್ಲಿ ಅಟ್ಟೆಗೂ ಪಾದಕ್ಕೂ ನಡುವಣ ಮೆತ್ತೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ್ದು. ಅದು ಬಳಸದೆ ಇಟ್ಟಾಗಲೂ ಗಾಳಿಯ ತೇವವನ್ನು ಹೀರಿ ವರ್ಷಗಳಲ್ಲಿ ಒಳಗೊಳಗೇ ಕರಗುತ್ತ ಬಂದು, ಒಂದು ದಿನ ನಡುದಾರಿಯಲ್ಲಿ ಪುಡಿಪುಡಿಯಾಗಿ ಅಟ್ಟೆಯೇ ಕಳಚಿಬೀಳುತ್ತದೆ. ನನ್ನ ಜೊತೆ ಬಂದಿದ್ದವರೊಬ್ಬರಿಗೆ ಹಾಗಾಗಿ, ಚೀಲದ ಹಗ್ಗದಿಂದ ಅಟ್ಟೆಯನ್ನು ಸುತ್ತಿ ಕಟ್ಟಿ ಏಳು ಕಿಲೋಮೀಟರ್ ನಡೆಸಿಕೊಂಡು ಬಂದೆವು. ಹೊರಡುವ ಹಿಂದಿನ ದಿನ ಆ ಮೆತ್ತೆಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ, ಬಿರುಕು ಬಿಡುತ್ತದೆಯೇ ನೋಡಿಕೊಳ್ಳಬೇಕು.

ಶೂ ತೊಳೆಯುವುದನ್ನು ನಾನು ಮೊದಲು ಅಂದಚೆಂದದ ವಿಷಯವೆಂದು ತಿಳಿದಿದ್ದೆ, ಈಗ ಹಾಗೆ ತಿಳಿದಿಲ್ಲ. ಜಲಪಾತದ ತುಂತುರಿನಲ್ಲಿ ಬದುಕುವ ಕಪ್ಪೆಗಳು ಚರ್ಮದ ಮೂಲಕವೂ ಉಸಿರಾಡುತ್ತವೆ. ಆ ಚರ್ಮವನ್ನೇ ಕೆಡಿಸುವ ಕೈಟ್ರಿಡ್ ಎಂಬ ಶಿಲೀಂಧ್ರವನ್ನು ವಿಜ್ಞಾನಿಗಳು 1990ರ ದಶಕದ ಕೊನೆಯಲ್ಲಿ ಗುರುತಿಸಿದರು. ಅದು ಹಲವು ಖಂಡಗಳಲ್ಲಿ ಕಪ್ಪೆಗಳ ಸಂತತಿಯನ್ನು ಅಳಿಸಿದೆ, ಹಸಿಮಣ್ಣು ಮತ್ತು ನೀರಿನೊಡನೆ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಬಲ್ಲದು. ನ್ಯೂಜಿಲೆಂಡಿನಲ್ಲಿ ಕೌರಿ ಮರಗಳನ್ನು ಕೊಲ್ಲುವ ರೋಗಾಣು ಕೂಡ ಶೂಗೆ ಮೆತ್ತಿದ ಮಣ್ಣಿನಿಂದ ಹರಡುವುದರಿಂದ ಕಾಡಿನ ದಾರಿಯ ಬಾಗಿಲಲ್ಲೇ ಶೂ ಉಜ್ಜಿ ತೊಳೆಯುವ ವ್ಯವಸ್ಥೆ ಮಾಡಿದ್ದಾರೆ. ಹಾಗಾಗಿ ಒಂದು ಕಣಿವೆಯ ಮಣ್ಣನ್ನು ಇನ್ನೊಂದಕ್ಕೆ ಒಯ್ಯದಂತೆ ಪ್ರತಿ ಚಾರಣದ ನಂತರ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಟ್ಟೆಯ ಸಂದುಗಳನ್ನು ಕೆರೆದು ತೊಳೆದು, ಪೂರ್ತಿ ಆರಿಸಿಯೇ ಮುಂದಿನ ದಾರಿಗೆ ತೊಡುತ್ತೇನೆ. ಈ ಕೆಲಸದಲ್ಲೂ ಶೂ ಹತ್ತು ನಿಮಿಷದ್ದು. ಬೂಟಿನ ಆಳವಾದ ಹಲ್ಲುಗಳಿಂದ ಒಣಗಿದ ಜಿಗುಟುಮಣ್ಣನ್ನು ತೆಗೆಯಲು ಕಡ್ಡಿ ಹಿಡಿದು ಕೂರಬೇಕು.

ಬೂಟನ್ನು ನಾನು ಕೊಟ್ಟುಬಿಟ್ಟಿಲ್ಲ. ಹಿಮ ಕರಗಿ ಹರಿಯುವ ಹಳ್ಳಗಳ ದಾರಿಗೆ, ಚಳಿಗಾಲದ ಮುಂಜಾವಿನ ನಡಿಗೆಗೆ ಅದೇ ಬೇಕು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುವುದರಿಂದ, ಅಂಥ ಚಳಿಯಲ್ಲಿ ಹಸಿಪಾದ ಕೇವಲ ಅಸೌಕರ್ಯವಾಗಿ ಉಳಿಯುವುದಿಲ್ಲ. ಹಲವು ದಿನಗಳಿಗೆ ಬೇಕಾದ ಭಾರ ಹೊತ್ತು, ಹಳ್ಳ ದಾಟದೆ, ಚೂಪುಗಲ್ಲಿನ ಒಣದಾರಿಯಲ್ಲಿ ಹೋಗುವವರಿಗೂ ಬೂಟನ್ನೇ ಹೇಳುತ್ತೇನೆ. ಆದರೆ ಬೆಚ್ಚಗಿನ ಕಾಡಿನಲ್ಲಿ ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಜಲಪಾತದ ಚಾರಣಕ್ಕೆ ನನ್ನನ್ನು ಕೇಳಿದವರಿಗೆಲ್ಲ ಮೆತ್ತನೆಯ ರಬ್ಬರಿನ, ಮೂತಿ ಗಟ್ಟಿಯಾದ, ಪೊರೆಯಿಲ್ಲದ ಜಾಲರಿಶೂವನ್ನೇ ಹೇಳುತ್ತಿದ್ದೇನೆ. ಕಳೆದ ತಿಂಗಳು ಮೊದಲ ಬಾರಿಗೆ ಜಲಪಾತಕ್ಕೆ ಬಂದ ಅಕ್ಕನ ಮಗಳು ಅಂಥದ್ದನ್ನೇ ತೊಟ್ಟಿದ್ದಳು. ಮೊದಲ ಹಳ್ಳದ ದಂಡೆಯಲ್ಲಿ ಅರೆಗಳಿಗೆ ನಿಂತು, "ಶೂ ಬಿಚ್ಚಬೇಕಾ ಮಾಮಾ?" ಎಂದು ಕೇಳಿದಳು. ಬೇಡ ಎಂದೆ. ಕಲ್ಲುಗಳ ಕಡೆ ನೋಡದೆ ನೇರವಾಗಿ ನೀರಿಗಿಳಿದು, ಕೋಲು ಊರುತ್ತ ಆಚೆ ದಂಡೆ ಹತ್ತಿ, ಶೂನ ಪಕ್ಕದಿಂದ ನೀರು ಚಿಮ್ಮುವುದನ್ನು ಬಗ್ಗಿ ನೋಡುತ್ತ ಮುಂದೆ ನಡೆದಳು.